ಬೆರಳೊಳಗಿನ ರಾಟೆ

ಇವತ್ತು ಬೆಳಗ್ಗೆ ಹಿತ್ತಲಿಗೆ ಹೋದರೆ ನಮ್ಮನೆಯವರು ತೂತುಬಿದ್ದ ನೀರಿನ ಪೈಪಿಗೆ ನನ್ನ ಬೆರಳಿನ ಟೇಪನ್ನು ಸುತ್ತುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಸುತ್ತು, ಎರಡು ಸುತ್ತು ಅಲ್ಲ, ಸುರುಳಿ ಖಾಲಿಯಾಗುವವರೆಗೂ. ನೀರು ಮಾತ್ರ ತನ್ನ ಪಾಡಿಗೆ ತಾನು ಚಿಮ್ಮುತ್ತಲೇ ಇತ್ತು.

"ಅದು ನನ್ನ ಟೇಪು," ಅಂದೆ.

"ಟೇಪು ಅಂದ್ರೆ ಟೇಪು. ಅದ್ರಲ್ಲಿ ನಿಂದು ನಂದು ಅಂತ ಬೇರೆ ಇರ್ತದಾ?" ಅಂದರು.

ಇವರಿಗೆ ಹೇಗೆ ಹೇಳುವುದು. ವಿ.ಸಿ. ಫಾರಂನ ಕಬ್ಬು ಸಂಶೋಧನೆಯಲ್ಲಿ ಕೆಲಸ. ಎರಡು ಕಬ್ಬಿನ ಜಲ್ಲೆ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ತಳಿ ಎಂದು ದೂರದಿಂದಲೇ ಹೇಳುವ ಮನುಷ್ಯನಿಗೆ ಬೆರಳಿಗೆ ಸುತ್ತುವ ಬಟ್ಟೆಯ ಟೇಪು, ಪೈಪಿಗೆ ಸುತ್ತುವ ಪ್ಲಾಸ್ಟಿಕ್ ಟೇಪು ಎರಡೂ ಒಂದೇ. ಜಗಳ ಮುಂದುವರಿಸಲು ನನಗೂ ತ್ರಾಣ ಇರಲಿಲ್ಲ. ನೆಂದು ಬಿಚ್ಚಿಕೊಳ್ಳುತ್ತಿದ್ದ ಟೇಪನ್ನು ನೋಡುತ್ತ ನಿಂತೆ. ಅದರ ಹಿಂದೆ ಒಂದು ದೊಡ್ಡ ರಗಳೆಯೇ ಇದೆ. ನಿಮಗೆ ಹೇಳಿಬಿಡುತ್ತೇನೆ. ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಹೇಳಿ ಮುಗಿಸಿದ್ದೇನೆ, ಇನ್ನು ಕೇಳುವವರು ಉಳಿದಿರುವುದು ನೀವೇ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು. ಮನೆ ಅಲ್ಲೇ ಗುತ್ತಲಿನಲ್ಲಿ. ನಲವತ್ತು ದಾಟಿ ಒಂದಷ್ಟು ಕಾಲವಾಯಿತು. ಹೆಸರು ಶೈಲಜಾ. ಬೆಟ್ಟದಲ್ಲಿ ಹುಟ್ಟಿದವಳು ಎಂದು ಅರ್ಥವಂತೆ. ಹುಟ್ಟಿದ್ದು ಮಾತ್ರ ಮಳವಳ್ಳಿಯ ಆಸ್ಪತ್ರೆಯಲ್ಲಿ, ಬೆಳೆದದ್ದು ಕಿರುಗಾವಲಿನ ಗದ್ದೆಬಯಲಿನಲ್ಲಿ. ಬೆಟ್ಟಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಅವ್ವನ ಬಾಯಲ್ಲಂತೂ ಆ ಹೆಸರು ಸೈಲ ಆಗಿ, ಆಮೇಲೆ ಅದೂ ಉದ್ದವಾಯಿತು ಅನ್ನಿಸಿ ಬರೀ ಅಮ್ಮಿ ಆಗಿ ಉಳಿಯಿತು.

ಕಾಲೇಜಿನ ಹುಡುಗಿಯರನ್ನು ಒಂದು ಭಾನುವಾರ ಬಂಡೆ ಹತ್ತುವ ಶಿಬಿರಕ್ಕೆ ಕಳಿಸಿದರು. ಜೊತೆಗೊಬ್ಬರು ಮೇಡಂ ಇರಲಿ ಎಂದು ನನ್ನನ್ನು ಬಸ್ಸಿಗೆ ಹತ್ತಿಸಿದರು. ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ರಸ್ತೆಯಲ್ಲಿ, ಗದ್ದೆ ದಾಟಿ ಒಳಗೆ ನಡೆದರೆ, ಯಾರೋ ಮೂಟೆ ಬಿಚ್ಚಿ ಆಲೂಗಡ್ಡೆ ಸುರಿದು ಹೋದ ಹಾಗೆ ಬಂಡೆಗಳು ಬಿದ್ದಿವೆ. ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡಿದ್ದೆನೇ ಹೊರತು ಹತ್ತಿರ ಹೋದವಳಲ್ಲ. ಮದ್ದೂರಿನ ಶಾಲೆಯೊಂದರಲ್ಲಿ ಆಟದ ಮೇಡಂ ಆಗಿರುವ ಶಬಾನಾ ಅಲ್ಲಿ ಹತ್ತುವುದನ್ನು ಕಲಿಸುತ್ತಿದ್ದಳು. ಹಗ್ಗವಿಲ್ಲ, ಕಬ್ಬಿಣವಿಲ್ಲ. ಆಳೆತ್ತರದ, ಒಂದೂವರೆ ಆಳೆತ್ತರದ ಬಂಡೆ, ಕೆಳಗೆ ದಪ್ಪನೆಯ ಹಾಸಿಗೆ. ಹತ್ತು, ಬೀಳು, ಮತ್ತೆ ಹತ್ತು. ನಮ್ಮ ಹುಡುಗಿಯರು ದುಪಟ್ಟ ಹಲ್ಲಲ್ಲಿ ಕಚ್ಚಿಕೊಂಡು ಹಿಂದೆ ಹಿಂದೆ ಸರಿದರು. "ಮೊದಲು ನೀವು ಹತ್ತಿ ಮೇಡಂ," ಅಂದರು. ಅವರಿಗೆ ಬುದ್ಧಿ ಕಲಿಸಬೇಕೆಂದು ಚಪ್ಪಲಿ ಬಿಟ್ಟು ಹತ್ತಿದೆ. ಅರ್ಧಕ್ಕೆ ಸಿಕ್ಕಿಕೊಂಡೆ. ಕಾಲು ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ ಗಡಗಡ ಅಲುಗಿತು. ದೊಪ್ಪನೆ ಬಿದ್ದೆ. ಹುಡುಗಿಯರು ನಕ್ಕರು. ನಾನು ಎದ್ದು ನಿಂತು, "ಇನ್ನೊಂದ್ಸಲ," ಅಂದೆ.

ಅಲ್ಲಿಂದ ಶುರುವಾದದ್ದು. ಬಹುತೇಕ ಪ್ರತಿ ಭಾನುವಾರ ಶಬಾನಾ ಮದ್ದೂರಿನಿಂದ ಸ್ಕೂಟರಿನಲ್ಲಿ, ನಾನು ಮಂಡ್ಯದಿಂದ ಬಸ್ಸಿನಲ್ಲಿ. ಮನೆಯಲ್ಲಿ ವಾಕಿಂಗ್ ಎಂದಿದ್ದೆ. ವಾಕಿಂಗಿಗೆ ಯಾಕೆ ಮಳವಳ್ಳಿಗೆ ಹೋಗಬೇಕು ಎಂದು ನಮ್ಮನೆಯವರು ಕೇಳಲೂ ಇಲ್ಲ. ಅವರ ಪ್ರಪಂಚದಲ್ಲಿ ಕಬ್ಬಿನ ಸುಳಿಕೊರಕ ಹುಳ ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ.

ಒಂದು ಬಂಡೆ ಮಾತ್ರ ನನಗೆ ಬಗ್ಗಲಿಲ್ಲ. ಬೂದು ಬಣ್ಣ, ಹೊಟ್ಟೆ ಮುಂದೆ ಚಾಚಿಕೊಂಡಿದೆ, ನಡುವೆ ಒಂದೇ ಒಂದು ಅಂಚು. ಚಪಾತಿಯ ದಪ್ಪ ಇದ್ದರೆ ಹೆಚ್ಚು. ಆ ಅಂಚಿನಲ್ಲಿ ಬೆರಳ ತುದಿ ಊರಿ, ಗೆಣ್ಣು ಮಡಿಸಿ, ಮೈ ಪೂರ್ತಿ ಅದರ ಮೇಲೆ ಹಾಕಿ ಮೇಲಕ್ಕೆ ಕೈ ಚಾಚಬೇಕು. "ಬೆರಳು ಅಷ್ಟು ಮಡಿಸ್ಬೇಡಿ ಮೇಡಂ, ಚಾಚಿ ಬಿಟ್ಟು ಹಿಡೀರಿ," ಎಂದು ಶಬಾನಾ ಪ್ರತಿ ವಾರ ಹೇಳುತ್ತಿದ್ದಳು. ಬಿಟ್ಟು ಹಿಡಿದರೆ ಜಾರುತ್ತಿತ್ತು, ಮಡಿಸಿದರೆ ನಿಲ್ಲುತ್ತಿತ್ತು. ಮಡಿಸುತ್ತಿದ್ದೆ.

ಒಂದು ಭಾನುವಾರ ಕಾಲು ಜಾರಿತು. ಮೈಯ ಭಾರವೆಲ್ಲ ಬಲಗೈಯ ಉಂಗುರದ ಬೆರಳಿಗೆ ಬಂತು. ಒಣ ಕಡ್ಡಿ ಮುರಿದ ಹಾಗೆ ಪಟ್ ಎಂದು ಸದ್ದು. ಕೆಳಗೆ ನಿಂತಿದ್ದ ಶಬಾನಾಗೂ ಕೇಳಿಸಿತು.

"ಮೇಡಂ, ಏನ್ ಮುರೀತು?"

ನನಗೂ ಅದೇ ಪ್ರಶ್ನೆ. ಹಾಸಿಗೆಯ ಮೇಲೆ ಕೂತು ಬೆರಳು ನೋಡಿಕೊಂಡೆ. ರಕ್ತವಿಲ್ಲ, ಸೊಟ್ಟಗಾಗಿಲ್ಲ. ಆದರೆ ಬುಡದಲ್ಲಿ, ಉಂಗುರ ಕೂರುವ ಜಾಗದಲ್ಲಿ, ಯಾರೋ ಬಿಸಿ ತಂತಿ ಇಟ್ಟ ಹಾಗೆ. ಮಡಿಸಲು ಹೋದರೆ ಚರ್ಮದ ಕೆಳಗೆ ಏನೋ ಮೇಲಕ್ಕೆ ಎದ್ದಿತು.

ನಮ್ಮನೆಯವರ ಜೊತೆ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, "ಮೂಳೆ ಚೆನ್ನಾಗಿದೆ, ಏನೂ ಆಗಿಲ್ಲ," ಅಂದರು. ಆಮೇಲೆ ನಮ್ಮನೆಯವರ ಕಡೆ ತಿರುಗಿ, "ಮನೇಲಿ ರೊಟ್ಟಿಗಿಟ್ಟಿ ಜಾಸ್ತಿ ತಟ್ತಾರಾ?" ಎಂದು ಕೇಳಿದರು. ಬೆರಳು ನನ್ನದು, ಪ್ರಶ್ನೆ ಅವರಿಗೆ.

"ಬಂಡೆ ಹತ್ತುವಾಗ ಆಯ್ತು," ಎಂದು ನಾನೇ ಹೇಳಿದೆ. ನಮ್ಮನೆಯವರಿಗೂ ಅದು ಆವತ್ತೇ ಗೊತ್ತಾದದ್ದು. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು.

"ಬಂಡೆನಾ? ಯಾಕೆ, ಮೇಲೆ ದೇವಸ್ಥಾನ ಇತ್ತಾ?" ಅಂದರು ಡಾಕ್ಟರು.

"ಇಲ್ಲ."

"ಮತ್ತೆ?"

ಬೆರಳನ್ನು ಇನ್ನೊಮ್ಮೆ ಅವರ ಮುಂದೆ ಚಾಚಿದೆ. ಒಂದು ಮುಲಾಮು ಬರೆದುಕೊಟ್ಟರು. ಹದಿನೈದು ದಿನ ಹಚ್ಚಿದೆ, ಬೆರಳು ನಯವಾಯಿತು.

ಕೊನೆಗೆ ಶಬಾನಾ ಎಲ್ಲೆಲ್ಲೋ ವಿಚಾರಿಸಿ, ಕೈಯ ಆಪರೇಷನ್ನುಗಳನ್ನಷ್ಟೇ ಮಾಡುವ ಒಬ್ಬ ಸರ್ಜನ್ನು ವಾರಕ್ಕೊಮ್ಮೆ ಮಂಡ್ಯಕ್ಕೆ ಬರುತ್ತಾರೆ ಎಂದು ಪತ್ತೆ ಮಾಡಿದಳು. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಣ್ಣಲ್ಲಿ ನಿದ್ದೆ ತುಂಬಿಕೊಂಡಿದ್ದರೂ, ಬಂಡೆ ಎಂದ ಕೂಡಲೇ ನೆಟ್ಟಗೆ ಕೂತರು. ಸ್ಕ್ಯಾನಿಂಗ್ ಕಡ್ಡಿಯನ್ನು ಬೆರಳಿನ ಮೇಲಿಟ್ಟು, "ಮಡಿಸಿ, ಒತ್ತಿ," ಅಂದರು. ಪರದೆಯ ಮೇಲೆ ಬಿಳಿಯ ಮೂಳೆ, ಅದರ ಮೇಲೆ ಬೂದು ಹುರಿ. ನಾನು ಒತ್ತಿದಾಗ ಹುರಿ ಮೂಳೆ ಬಿಟ್ಟು ಬಿಲ್ಲಿನ ಹೆದೆಯ ಹಾಗೆ ದೂರ ನಿಂತಿತು.

"ನೋಡಿದ್ರಾ, ಹರಿದಿದೆ," ಅಂದರು, ಸಂತೋಷವಾದವರ ಹಾಗೆ. ನನಗೂ ಸಂತೋಷವೇ ಆಯಿತು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಏನೋ ಆಗಿದೆ ಎಂದು ಒಬ್ಬರು ಒಪ್ಪಿದ್ದರು.

ವಿಷಯ ಏನೆಂದರೆ, ಬೆರಳನ್ನು ಮಡಿಸುವ ಮಾಂಸಖಂಡ ಬೆರಳಿನಲ್ಲಿ ಇಲ್ಲವೇ ಇಲ್ಲ. ಅದಿರುವುದು ಮುಂಗೈಯಲ್ಲಿ. ಅಲ್ಲಿಂದ ಹೊರಟ ಹುರಿಗಳು ಮಣಿಕಟ್ಟು ದಾಟಿ, ಅಂಗೈ ದಾಟಿ, ಬೆರಳ ಮೂಳೆಗಳಿಗೆ ಹೋಗಿ ಅಂಟಿಕೊಳ್ಳುತ್ತವೆ. ಸೈಕಲ್ಲಿನ ಹ್ಯಾಂಡಲ್ಲಿನಲ್ಲಿ ಒತ್ತಿದರೆ ಚಕ್ರದ ಹತ್ತಿರ ಬ್ರೇಕು ಹಿಡಿಯುತ್ತದಲ್ಲ, ಹಾಗೆ. ಎಳೆದಾಗ ಹುರಿ ಮೇಲೇಳಬಾರದೆಂದು ಬೆರಳಿನುದ್ದಕ್ಕೂ ಅದನ್ನು ಮೂಳೆಗೆ ಒತ್ತಿ ಹಿಡಿಯುವ ಸಣ್ಣ ಸಣ್ಣ ಪಟ್ಟಿಗಳಿವೆ. ಡಾಕ್ಟರುಗಳು ಅದಕ್ಕೆ ಪುಲ್ಲಿ ಅನ್ನುತ್ತಾರೆ. ಅಂದರೆ ರಾಟೆ.

ರಾಟೆ ಎಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದಿಂದ ಬೋರ್ಡಿನ ಮೇಲೆ ರಾಟೆ ಬರೆದು ಬರೆದು ಸುಣ್ಣದ ಪುಡಿ ತಿಂದವಳು ನಾನು. ಕಿರುಗಾವಲಿನಲ್ಲಿ ನಮ್ಮ ಮನೆಯ ಹಿಂದೆ ಬಾವಿಯಿತ್ತು. ಅದರ ರಾಟೆ ಬೆಳಗಿನ ಜಾವ ಕಿರ್ರೋ ಎಂದು ಕಿರುಚಿದರೆ ಅವ್ವ ಎದ್ದಳು ಎಂದು ಲೆಕ್ಕ. ಅದಕ್ಕೆ ಹರಳೆಣ್ಣೆ ಬಿಡುವ ಕೆಲಸ ನನ್ನದು, ಬಿಟ್ಟ ಎಣ್ಣೆಯಲ್ಲಿ ಅರ್ಧ ನನ್ನ ಲಂಗಕ್ಕೆ. ಒಂದು ಸಲ ಆ ರಾಟೆಯ ಅಡ್ಡತೊಲೆಯೇ ಬಾಗಿಹೋಯಿತು. ಒಂದು ಕೊಡ ನೀರಿಗೆ ಅಷ್ಟು ದಪ್ಪ ತೊಲೆ ಬಾಗುತ್ತದೆಯೇ ಎಂದು ನನಗೆ ಆಶ್ಚರ್ಯ. ದೊಡ್ಡವಳಾಗಿ ಓದಿದ ಮೇಲೆ ತಿಳಿಯಿತು. ಈ ಕಡೆ ಕೊಡ ಎಳೆಯುತ್ತದೆ, ಆ ಕಡೆ ನಾವು ಎಳೆಯುತ್ತೇವೆ, ರಾಟೆ ಹೊರುವುದು ಎರಡನ್ನೂ ಕೂಡಿಸಿ. ಹಗ್ಗ ಹೆಚ್ಚು ಮಡಿಸಿ ತಿರುಗಿದಷ್ಟೂ ಅದು ತಿರುಗುವ ಜಾಗಕ್ಕೆ ಹಿಂಸೆ. ಬೆರಳಿನಲ್ಲೂ ಅಷ್ಟೇ. ಬಿಟ್ಟು ಹಿಡಿದರೆ ಹುರಿ ಹೆಚ್ಚುಕಡಿಮೆ ನೇರ ಹೋಗುತ್ತದೆ. ಗೆಣ್ಣನ್ನು ಚೂಪಾಗಿ ಮಡಿಸಿ ತುದಿ ಊರಿದರೆ ಹುರಿ ಆ ಮೂಲೆಯಲ್ಲಿ ತಿರುಗಬೇಕು, ಬುಡದ ಪಟ್ಟಿಯ ಮೇಲೆ ತುದಿಯ ಭಾರದ ಹಲವು ಪಟ್ಟು ಬೀಳುತ್ತದೆ. ಇದನ್ನೆಲ್ಲ ಮಕ್ಕಳಿಗೆ ಹೇಳಿ ಅಂಕ ಕೊಡುವವಳು ನಾನು. ಆದರೆ ಪರೀಕ್ಷೆಯ ಲೆಕ್ಕಗಳಲ್ಲಿ "ರಾಟೆಯ ತೂಕ, ಘರ್ಷಣೆ ಲಕ್ಷಿಸಬೇಡಿ" ಎಂದು ಬರೆದು ಬರೆದು, ನನ್ನದೇ ರಾಟೆಯನ್ನೂ ಲಕ್ಷಿಸಿರಲಿಲ್ಲ.

ಒಂದೇ ಪಟ್ಟಿ ಹರಿದಿದೆ, ಆಪರೇಷನ್ ಬೇಡ, ಹೊರಗಿನಿಂದ ಒಂದು ರಾಟೆ ತೊಡಿಸೋಣ ಅಂದರು ಸರ್ಜನ್ನು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ಕನ್ನು ಬೆರಳಿನ ಬುಡಕ್ಕೆ ಒತ್ತಿ ಒಂದು ದಪ್ಪನೆಯ ಉಂಗುರ ಮಾಡಿಕೊಟ್ಟರು. ಹಗಲೂ ರಾತ್ರಿ ಹಾಕಿಕೊಂಡಿರಬೇಕು. ಅದು ಕಳಚಿದ ಮೇಲೆ, ಮೊದಲಿಗೆ ಹೇಳಿದ ಆ ಬಟ್ಟೆಯ ಟೇಪು.

ಉಂಗುರ ನೋಡಿದವರಿಗೆಲ್ಲ ಒಂದೊಂದು ಅರ್ಥ. ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿಯವರು, ವಿಜ್ಞಾನ ಓದಿದ ಮನುಷ್ಯ, ದನಿ ತಗ್ಗಿಸಿ, "ಯಾವ ಗ್ರಹಕ್ಕೆ ಮೇಡಂ? ಗುಣ ಕಾಣ್ತಾ ಇದೆಯಾ?" ಎಂದು ಕೇಳಿದರು. ಪಕ್ಕದ ಮನೆಯವರು ಉಳುಕು ತೆಗೆಯುವವರ ವಿಳಾಸ ಕೊಟ್ಟರು. ಇನ್ನೊಬ್ಬರು ಬೆರಳನ್ನು ಹಿಡಿದು ಎಳೆದೇಬಿಟ್ಟರು, "ಈಗ ಹೆಂಗೆ?" ಎಂದು ಬೇರೆ ಕೇಳಿದರು. ಮುದ್ದೆ ಮುರಿಯಲು ಹೋದರೆ ಉಂಗುರಕ್ಕೆ ಹಿಟ್ಟು ಮೆತ್ತಿಕೊಂಡು ಬೆರಳೇ ಇನ್ನೊಂದು ಮುದ್ದೆಯಾಗುತ್ತಿತ್ತು. ಚಮಚದಲ್ಲಿ ಮುದ್ದೆ ತಿಂದ ಹೆಂಗಸು ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಇಷ್ಟರಲ್ಲಿ ಅವ್ವನಿಗೆ ಸುದ್ದಿ ಮುಟ್ಟಿತು. ಅವ್ವ ಕಿರುಗಾವಲಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ತೋಟ ಗದ್ದೆ ತಮ್ಮನದು, ಅಡುಗೆ ಅವನ ಹೆಂಡತಿಯದು, ಎರಡು ಹಸು ಮಾತ್ರ ಅವ್ವನವು. ಅವುಗಳ ಕೆಚ್ಚಲಿಗೆ ಬೇರೆಯವರ ಕೈ ಬೀಳುವಂತಿಲ್ಲ. ಬೆಳಗ್ಗೆ ಸಂಜೆ ತಾನೇ ಕರೆದು ಡೈರಿಗೆ ಹಾಕಿಸುತ್ತಾಳೆ. ಅವಳು ಮಂಡ್ಯಕ್ಕೆ ಬಂದು ನಮ್ಮ ಮನೆಯಲ್ಲಿ ರಾತ್ರಿ ಉಳಿಯುತ್ತಾಳೆಂದರೆ ಭೂಮಿ ಅಲುಗಿದೆ ಎಂದೇ ಅರ್ಥ.

ಬಾಗಿಲಲ್ಲೇ ಶುರು. "ಏನಮ್ಮಿ ಇದು? ಕುರಿ ಮೇಯ್ಸೋನು ಬಂದು ಯೋಳ್ದ, ನಿಮ್ಮ ಮಗಳು ಅಲ್ಲಿ ಕಲ್ಲಿಗೆ ಅಂಟ್ಕಂಡವ್ಳೆ ಅಂತ. ನಾನು ಓಗ್ಲಾ, ನಮ್ಮ ಮಗಳು ಕಾಲೇಜಲ್ಲಿ ಪಾಠ ಮಾಡಾಳು, ಇನ್ಯಾರೋ ಇರ್ಬೇಕು ಅಂದೆ. ನೋಡುದ್ರೆ ನೀನೆಯಾ! ಬಂಡೆ ಅತ್ಲಿ ಅಂತ ಓದ್ಸುದ್ರಾ ನಿಮ್ಮಪ್ಪ?"

"ಬೆರಳಿಗೆ ಸ್ವಲ್ಪ ಪೆಟ್ಟಾಗಿದೆ ಅಷ್ಟೆ ಕಣವ್ವ."

"ಮೇಲೆ ಏನದೆ?"

"ಏನಿಲ್ಲ."

"ಏನಿಲ್ದಿದ್ದೆಡೆಗೆ ಯಾಕ್ ಓಯ್ತೀಯೆ?"

ಅವಳ ಕೈಯ ಚೀಲ ಇಸಿದುಕೊಂಡು ಒಳಗೆ ನಡೆದೆ.

ಮಾರನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದೆ. ಅವ್ವ ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದಳು. ಟಕ್ ಎಂದು ಸಣ್ಣ ಸದ್ದು. ಈಚೆಗೆ ಬೆರಳಿನ ಸದ್ದಿಗೆ ನನ್ನ ಕಿವಿ ಬಹಳ ಚುರುಕು.

"ಅದೇನವ್ವ?"

"ಲಟಿಕೆ ಮುರ್ದೆ ಕಣಮ್ಮಿ. ಅದ್ಕೂ ನಿನ್ನ ಕೇಳ್ಬೇಕಾ?"

ಮುಂದೆ ಬಂದು ನೋಡಿದೆ. ಎಡಗೈಯಿಂದ ಬಲಗೈಯ ನಡುಬೆರಳನ್ನು ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಬಿಡಲಿಲ್ಲ. ಕೈ ಎಳೆದುಕೊಂಡು, "ಮುಷ್ಟಿ ಕಟ್ಟು," ಅಂದೆ. ಕಟ್ಟಿದಳು. "ಬಿಡು," ಅಂದೆ. ಮಿಕ್ಕ ಬೆರಳೆಲ್ಲ ಬಿಚ್ಚಿಕೊಂಡವು. ನಡುಬೆರಳು ಮಡಿಸಿದ್ದು ಮಡಿಸಿದಂತೆಯೇ ನಿಂತಿತು. ಅವ್ವ ಅದನ್ನು ಇನ್ನೊಂದು ಕೈಯಿಂದ ಹಿಡಿದು, ತುಟಿ ಕಚ್ಚಿ, ಮೇಲಕ್ಕೆತ್ತಿದಳು. ಟಕ್.

"ಯಾವಾಗಿಂದ?"

"ಒತ್ತಾರೆ ಒತ್ತು ಒಸಿ ಇಡ್ಕತದೆ. ನಾಕು ಬಟ್ಲು ಆಲು ಕರೆಯೋಗಂಟ ಸರ್ಯಾಗ್ತದೆ."

ಎಷ್ಟು ವರ್ಷದಿಂದ ಎಂದು ಕೇಳಿದರೆ, ಕೆಂಪು ಹಸು ಎರಡನೇ ಕರು ಹಾಕಿದಾಗಿನಿಂದ ಎಂದಳು. ಆ ಕರು ಈಗ ತಾನೇ ತಾಯಿಯಾಗಿದೆ. ನನಗೆ ಸಿಟ್ಟು ಬಂತು. ನನ್ನ ಬೆರಳಿನ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ, ಇವಳು ದಿನಾ ಬೆಳಗ್ಗೆ ಬೆನ್ನು ತಿರುಗಿಸಿ ಬೆರಳನ್ನು ಕೀಲಿ ತೆಗೆದ ಹಾಗೆ ತೆಗೆದು ಹಸುವಿನ ಕೆಳಗೆ ಕೂರುತ್ತಿದ್ದಾಳೆ. ಚಿಕ್ಕಂದಿನಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದೆ. ಪಾತ್ರೆಗೆ ಬೀಳುವ ಹಾಲಿನ ಚೊರ್ ಚೊರ್ ಸದ್ದಿಗೇ ಎಚ್ಚರ, ಅದೇ ಸದ್ದಿಗೆ ಮತ್ತೆ ನಿದ್ದೆ. ಆ ಸದ್ದನ್ನು ಮಾಡುವುದು ಬೆರಳು ಎಂದು ಒಂದು ದಿನವೂ ಯೋಚಿಸಿದವಳಲ್ಲ ನಾನು.

ಅವ್ವನನ್ನು ಕೂರಿಸಿಕೊಂಡು ಪಾಠ ಮಾಡಿದೆ. ಹುರಿ, ಪಟ್ಟಿ, ರಾಟೆ ಎಲ್ಲ ಹೇಳಿದೆ. ನನ್ನದರಲ್ಲಿ ಬೆರಳ ಬುಡದ ಪಟ್ಟಿ ಹರಿದಿದೆ. ಅವಳದರಲ್ಲಿ ಅಂಗೈ ಅಂಚಿನ ಪಟ್ಟಿ ಬಿಗಿದು, ಹುರಿ ಅಲ್ಲಿ ಗಂಟಾಗಿ, ಒಳಗೆ ಹೋದದ್ದು ಈಚೆ ಬರಲಾರದೆ ಸಿಕ್ಕಿಕೊಳ್ಳುತ್ತಿದೆ. ಪೂರ್ತಿ ಕೇಳಿ ಅವ್ವ ನಿಟ್ಟುಸಿರು ಬಿಟ್ಟಳು.

"ನಿಂದು ಅರ್ದದೆ ಅಂತೀಯೆ, ನಂದು ಬಿಗ್ದದೆ ಅಂತೀಯೆ. ಕೊಡೋವಾಗ ಆ ದೇವ್ರು ಒಸಿ ಅಳತೆ ನೋಡಿ ಕೊಡೋದಲ್ವಾ?"

"ಸಣ್ಣ ಆಪರೇಷನ್ ಅವ್ವ. ಸರ್ಜನ್ನು ಬುಧವಾರ ಬರ್ತಾರೆ."

"ನೀನು ಬಂಡೆ ಬುಡು, ನಾನು ಬತ್ತೀನಿ."

ನಾನು ಈ ಹೊಡೆತಕ್ಕೆ ತಯಾರಿರಲಿಲ್ಲ. ಅವಳು ಕಾಫಿ ಲೋಟ ಕೆಳಗಿಟ್ಟು, ಕೋಣೆಯಲ್ಲಿ ನಮ್ಮನೆಯವರೂ ಕೇಳಿಸಿಕೊಳ್ಳಲಿ ಎಂದು ದನಿ ಎತ್ತಿ ಮತ್ತೊಮ್ಮೆ ಹೇಳಿದಳು. "ಬಂಡೆ ತಾವ ಇನ್ನು ಓಗಕಿಲ್ಲ ಅನ್ನು. ಈಗ್ಲೇ ಎದ್ದು ಬತ್ತೀನಿ."

ಹೂಂ ಅನ್ನಬಹುದಿತ್ತು. ಅಂದು, ಆಮೇಲೆ ಕದ್ದು ಹೋಗಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ನೀನು ಹಸು ಬಿಡ್ತೀಯಾ?"

"ಅಸ ಯಾಕಮ್ಮಿ ಬುಡ್ಲಿ? ಅವೇನ್ ಮಾಡ್ದೊ ನಂಗೆ?"

"ಅದೇ ಕರೆದು ಕರೆದೂ ತಾನೇ ಬೆರಳು ಹಿಂಗಾಗಿರೋದು."

"ಅಸಿಂದ ಆಲು ಬತ್ತದೆ. ನಿನ್ನ ಬಂಡಿಂದ ಏನ್ ಬತ್ತದೆ?"

ಅವ್ವ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಸಂಜೆ ನಮ್ಮನೆಯವರು, "ಹೂಂ ಅಂದಿದ್ರೆ ಆಗ್ತಿತ್ತು," ಅಂದರು. "ನಿಮಗೆ ಯಾರಾದ್ರೂ ಕಬ್ಬು ಬಿಡು ಅಂದ್ರೆ?" ಎಂದೆ. ಅವರು ಪೇಪರ್ ಹಿಡಿದುಕೊಂಡರು. ಆದರೆ ಅಂದು ನನಗೆ ಊಟ ಸೇರಲಿಲ್ಲ. ಇಷ್ಟು ಸಣ್ಣ ಅಂಚಿಗಾಗಿ ಅವ್ವನ ಬೆರಳನ್ನು ಪಣಕ್ಕಿಟ್ಟೆನಲ್ಲ ಎಂದು ಒಂದು ಗಳಿಗೆ, ಅವಳು ತನ್ನ ಬೆರಳನ್ನೇ ಒತ್ತೆಯಿಟ್ಟು ನನ್ನನ್ನು ಹಿಡಿಯಲು ನೋಡಿದಳಲ್ಲ ಎಂದು ಇನ್ನೊಂದು ಗಳಿಗೆ. ಫೋನ್ ಮಾಡಿದರೆ ತಮ್ಮನ ಹೆಂಡತಿ ಎತ್ತಿ, "ಅತ್ತೆ ಕೊಟ್ಟಿಗೇಲವ್ರೆ," ಅನ್ನುತ್ತಿದ್ದಳು. ಯಾವ ಹೊತ್ತಿಗೆ ಮಾಡಿದರೂ ಕೊಟ್ಟಿಗೆಯೇ.

ಕೆಲವು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಹಲೋ ಇಲ್ಲ, ಏನಿಲ್ಲ. "ಆ ಕಂಡಕ್ಟ್ರು ಬಾಯಿಗ್ ಮಣ್ಣಾಕ!"

ನಡೆದದ್ದು ಇಷ್ಟು. ಅವ್ವ ಮಳವಳ್ಳಿಗೆ ಹೋಗಿ ಹಸುಗಳಿಗೆ ಹಿಂಡಿ ತೆಗೆದುಕೊಂಡು ಕಿರುಗಾವಲಿನ ಬಸ್ಸು ಹತ್ತಿದ್ದಾಳೆ. ಕೂರಲು ಜಾಗವಿಲ್ಲ. ಬಲಗೈಯಲ್ಲಿ ಕಂಬಿ ಹಿಡಿದು, ಎಡಗೈಯಲ್ಲಿ ಹಿಂಡಿಯ ಚೀಲ ಹಿಡಿದು ನಿಂತಿದ್ದಾಳೆ. ಊರು ಬಂತು. ಇಳಿಯಲು ಹೋದರೆ ಬೆರಳು ಕಂಬಿ ಬಿಡಲೊಲ್ಲದು. ಕಂಬಿಯ ಸುತ್ತ ಕೊಂಡಿ ಹಾಕಿ ಕೂತುಬಿಟ್ಟಿದೆ. ಚೀಲ ಕೆಳಗಿಡೋಣವೆಂದರೆ ಕಾಲಿಡಲು ಜಾಗವಿಲ್ಲ. ಕಂಡಕ್ಟರು "ಇಳೀರಜ್ಜಿ, ಇಳೀರಿ, ಲೇಟಾಯ್ತದೆ," ಎಂದು ಕೂಗಿ, ಅಜ್ಜಿ ಅಲುಗದ್ದು ನೋಡಿ ಸೀಟಿ ಊದಿದ್ದಾನೆ. ಬಸ್ಸು ಹೊರಟಿದೆ. ಊರವರೆಲ್ಲ ನೋಡುತ್ತಿದ್ದಂತೆ ಅವ್ವ ತನ್ನ ಊರನ್ನು ದಾಟಿ ಹೋಗಿದ್ದಾಳೆ.

"ಬೆರಳು ಸಿಕ್ಕಾಕೊಂಡಿದೆ ಅಂತ ಹೇಳೋದಲ್ವಾ ಅವ್ವ?"

"ಯಾರಿಗೆ ಯೋಳ್ಳಿ? ಬಸ್ಸಿನ ತುಂಬ ಜನ. ಕಂಬಿ ಬುಡಕ್ಕಾಗಕಿಲ್ಲ ಅಂದ್ರೆ ನಗಕಿಲ್ವಾ?"

ಮುಂದಿನ ಸ್ಟಾಪಿನಲ್ಲಿ ಯಾರೋ ಹೆಣ್ಣುಮಗಳು ಚೀಲ ಹಿಡಿದುಕೊಂಡಳಂತೆ, ಅವ್ವ ಬೆರಳು ಬಿಡಿಸಿಕೊಂಡು ಇಳಿದು, ಹಿಂಡಿ ಹೊತ್ತುಕೊಂಡು ಬಿಸಿಲಿನಲ್ಲಿ ವಾಪಸು ನಡೆದಳಂತೆ. ನನಗೆ ನಗು ಬಂತು. ಅವ್ವ ನನ್ನ ನಗು ಮುಗಿಯಲು ಬಿಟ್ಟಳು. ಆಮೇಲೆ, "ಬುದ್ವಾರ ಅಂದ್ಯಲ್ಲ ಆ ಡಾಕುಟ್ರು. ಬತ್ತೀನಿ," ಅಂದಳು. ಬಂಡೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಪರೇಷನ್ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅಂಗೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ನು, ಹಾಗಾಗಿ ಅವ್ವನ ಬಾಯಿ ಪೂರ್ತಿ ಎಚ್ಚರವಾಗಿತ್ತು. ಸರ್ಜನ್ನಿಗೆ ಹಸುವಿನ ವಿಷಯ ಹೇಳಿದಳು. ಕಂಡಕ್ಟರಿನ ವಿಷಯ ಹೇಳಿದಳು. ಸ್ವಲ್ಪ ಹೊತ್ತಿಗೆ ಅವರು, "ಅಜ್ಜಿ, ಈಗ ಬೆರಳು ಮಡಿಸಿ. ಬಿಡಿಸಿ," ಅಂದದ್ದು ಕೇಳಿಸಿತು. ಟಕ್ ಎನ್ನುವ ಸದ್ದಿಗಾಗಿ ಕಾದೆ. ಬರಲಿಲ್ಲ.

"ಏನ್ ಮಾಡುದ್ರಿ ಸ್ವಾಮಿ?" ಅವ್ವನ ದನಿ ಸಣ್ಣದಾಗಿತ್ತು.

"ಬಿಗಿದಿದ್ದ ಪಟ್ಟಿ ಕತ್ತರಿಸಿದೆ, ಅಷ್ಟೆ."

"ಕತ್ತರ್ಸಿದ್ದ ಬಿಸಾಕ್ಬೇಡಿ ಸ್ವಾಮಿ. ನಮ್ಮ ಮಗಳು ಈಚೆ ಕೂತವ್ಳೆ. ಅವಳ ಬೆರಳಲ್ಲಿ ಅದೇ ಅರ್ದೋಗದೆ. ಅವಳ್ಗೆ ಆಕ್ಬುಡಿ."

ಸರ್ಜನ್ನು ನಕ್ಕರು. ಏನನ್ನೂ ಹೊರಗೆ ತೆಗೆದಿಲ್ಲ, ಸೀಳಿ ಬಿಟ್ಟಿದ್ದೇನೆ ಅಷ್ಟೆ ಎಂದು ವಿವರಿಸಿದರು. ಅವ್ವ ಒಪ್ಪಲಿಲ್ಲ. "ಒಸಿ ನೋಡಿ ಸ್ವಾ‌ಮಿ, ಏನಾರ ಚೂರು ಸಿಗ್ತದೇನೋ. ನಂಗೇನ್ ಬ್ಯಾಡ ಅದು," ಎಂದು ಚೌಕಾಸಿ ಮಾಡುತ್ತಲೇ ಇದ್ದಳು. ನಾನು ಬೆಂಚಿನ ಮೇಲಿಂದ ಎದ್ದು, ಕಾರಿಡಾರಿನ ಕೊನೆಯ ನಲ್ಲಿಯ ಹತ್ತಿರ ಹೋಗಿ, ತೊಳೆದ ಮುಖವನ್ನೇ ಮತ್ತೆ ತೊಳೆದುಕೊಂಡು ಬಂದೆ.

ಗಾಯ ಒಣಗುವವರೆಗೆ ಅವ್ವ ನಮ್ಮ ಮನೆಯಲ್ಲೇ ಇದ್ದಳು. ದಿನಕ್ಕೆ ನಾಲ್ಕು ಸಲ ಕಿರುಗಾವಲಿಗೆ ಫೋನು. ಹಸು ಸೊಸೆಯ ಕೈಗೆ ಸೊರ ಬಿಡುತ್ತಿಲ್ಲ, ಹಾಲು ಇಳಿಸುತ್ತಿಲ್ಲ ಎಂದು ಕೇಳಿದರೆ ಬೇಜಾರು, ಬಿಡುತ್ತಿದೆ ಎಂದು ಕೇಳಿದರೆ ಇನ್ನೂ ಬೇಜಾರು. ಅದೇ ಹೊತ್ತಿಗೆ ನನಗೂ ಬೆರಳಿಗೆ ಭಾರ ಕೊಡುವ ಕಾಲ ಬಂದಿತ್ತು. ಒಂದು ಸಣ್ಣ ಮರದ ಪಟ್ಟಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಬಕೆಟ್ಟು ಕಟ್ಟಿ, ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಎತ್ತಿ ನಿಲ್ಲಬೇಕು. ಮೊದಲ ವಾರ ಖಾಲಿ ಬಕೆಟ್ಟು, ಆಮೇಲೆ ಒಂದೊಂದೇ ಮಗ್ಗು ನೀರು. ಅವಸರ ಮಾಡಿದರೆ ಮೊದಲಿನಿಂದ. ನಾನು ಬಚ್ಚಲಮನೆಯ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದರೆ, ಅವ್ವ ಬ್ಯಾಂಡೇಜಿನ ಕೈಯನ್ನು ಎದೆಗಿಟ್ಟುಕೊಂಡು ಎದುರಿಗೆ ಕೂತು ನೋಡುತ್ತಿದ್ದಳು.

"ಆ ನೀರ ಎಲ್ಲಿಗ್ ಒಯ್ತೀಯಮ್ಮಿ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ದಿದ್ಮೇಲೆ ಯಾಕ್ ಎತ್ತೀಯೆ?"

ದಿನಾ ಇದೇ. ಸಹನೆಗೂ ಒಂದು ಮಿತಿ ಬೇಡವೇ. ಒಂದು ದಿನ ಬಕೆಟ್ಟು ದೊಪ್ಪನೆ ಇಟ್ಟು, "ನೀನು ಊರಿಗೆ ಹೋಗು," ಎಂದುಬಿಟ್ಟೆ. "ನಾನೇನ್ ಇರ್ತೀನಿ ಅಂದ್ನಾ? ಒಲ್ಗೆ ಬಿಚ್ಚುದ್ ದಿನ್ವೇ ಓಯ್ತಿದ್ದೆ, ನೀನೇ ಇಡ್ಕಂಡೆ," ಅಂದಳು. ಆ ಭಾನುವಾರವೇ ಕಾರಿನಲ್ಲಿ ಬಿಟ್ಟುಬರುವುದು ಎಂದಾಯಿತು.

ಭಾನುವಾರ ನಮ್ಮನೆಯವರು ಕಾರು ತೆಗೆದರು. ಮದ್ದೂರಿನಲ್ಲಿ ಶಬಾನಾ ಹತ್ತಿಕೊಂಡಳು, ಅವಳ ಹಾಸಿಗೆಯನ್ನು ಕಾರಿನ ಮೇಲೆ ಕಟ್ಟಿದೆವು. ಹಾಸಿಗೆ ನೋಡಿ ಅವ್ವನಿಗೆ ಎಲ್ಲ ಅರ್ಥವಾಯಿತು. ಮಳವಳ್ಳಿ ದಾಟುವವರೆಗೂ ಕಿಟಕಿಯ ಆಚೆಯೇ ನೋಡುತ್ತಿದ್ದಳು. ಕಾರು ನಿಲ್ಲಿಸಿ ಗದ್ದೆಯ ಬದುವಿನ ಮೇಲೆ ನಾವು ನಡೆದರೆ, ಹಿಂದೆಯೇ ಬಂದಳು. ಒಂದು ಸಣ್ಣ ಕಲ್ಲಿನ ಮೇಲೆ ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ಬಯ್ಯಲು ಅಣಿಯಾದವಳ ಹಾಗೆ ನನ್ನ ಕಡೆ ನೋಡಿದಳು.

ಬೆರಳಿಗೆ ಟೇಪು ಸುತ್ತಿದೆ. ಅದೇ ಬೂದು ಬಂಡೆ. ಸರ್ಜನ್ನು ಹೇಳಿದ್ದರು, ಮಡಿಸಬೇಡಿ, ಬಿಟ್ಟು ಹಿಡಿಯಿರಿ, ಭಾರವನ್ನು ಕಾಲಿಗೆ ಕೊಡಿ. ಶಬಾನಾ ಮೊದಲಿನಿಂದ ಹೇಳಿದ್ದೂ ಅದೇ. ಹತ್ತಿದೆ, ಜಾರಿದೆ. ಹತ್ತಿದೆ, ಅಂಚಿನ ಹತ್ತಿರ ಹೋಗಿ ಬೆರಳು ಹೆದರಿತು. ಅಲ್ಲೇ ನಿಂತೆ. ಕೆಳಗಿನಿಂದ ಶಬಾನಾ, "ನಿಧಾನ ಮೇಡಂ, ನಿಧಾನ," ಅನ್ನುತ್ತಿದ್ದಳು. ನಮ್ಮನೆಯವರು, "ಸಾಕು ಇಳಿ ಶೈಲಾ," ಅನ್ನುತ್ತಿದ್ದರು. ಇಳಿಯಲೂ ಆಗದೆ ಏರಲೂ ಆಗದೆ ಅಲ್ಲೇ ಅಂಟಿಕೊಂಡಿದ್ದೆ.

ಆಗ ಅವ್ವನ ದನಿ ಕೇಳಿಸಿತು.

"ಅದೇನಮ್ಮಿ, ಎಷ್ಟೊತ್ತು ಅಂಗೇ ನೇತಾಡೀಯೆ? ಅತ್ತೋದಾದ್ರೆ ಅತ್ತು, ಇಲ್ಲ ಇಳಿ. ಆಲು ಕರೆಯೋ ಒತ್ತಾಯ್ತು ನಂಗೆ!"

ಹೆದರಿಕೆಯನ್ನು ಸಿಟ್ಟು ಒಂದೇ ಏಟಿಗೆ ಓಡಿಸುತ್ತದೆ ಎಂಬುದು ನನಗೆ ಆವತ್ತು ಗೊತ್ತಾಯಿತು. ಬಲಗಾಲನ್ನು ಸೊಂಟದ ಎತ್ತರಕ್ಕೆ ಎಳೆದು ಒಂದು ಗೀರಿನಲ್ಲಿ ಊರಿದೆ. ಅಂಚಿನ ಮೇಲೆ ಬೆರಳುಗಳನ್ನು ಮಡಿಸದೆ, ಬಿಟ್ಟು ಇಟ್ಟೆ. ಕಾಲಿನ ಮೇಲೆ ಎದ್ದು ನಿಂತೆ. ಎಡಗೈ ಬಂಡೆಯ ನೆತ್ತಿಯ ಗುಂಡನೆಯ ಅಂಚಿಗೆ ಸಿಕ್ಕಿತು. ಹೊಟ್ಟೆ ಉಜ್ಜಿಕೊಂಡು, ಮೊಣಕಾಲು ತರಚಿಕೊಂಡು, ನೋಡುವವರಿಗೆ ಸ್ವಲ್ಪವೂ ಚೆನ್ನಾಗಿ ಕಾಣದ ರೀತಿಯಲ್ಲಿ ಮೇಲಕ್ಕೆ ಹೋಗಿಬಿಟ್ಟೆ.

ಮೇಲೆ ಏನೂ ಇರಲಿಲ್ಲ. ಒಂದಿಷ್ಟು ಒಣಹುಲ್ಲು, ಕಾಗೆಯ ಹಿಕ್ಕೆ, ಸುತ್ತ ಹಸಿರು ಗದ್ದೆ, ಗಾಳಿ. ಶಬಾನಾ ಕುಣಿದು ಚಪ್ಪಾಳೆ ತಟ್ಟಿದಳು. ನಮ್ಮನೆಯವರು ಫೋಟೋ ತೆಗೆಯಲು ಹೋಗಿ ಫೋನಿನಲ್ಲಿ ತಮ್ಮದೇ ಗಲ್ಲದ ಫೋಟೋ ತೆಗೆದುಕೊಂಡರು. ನಾನು ಅವ್ವ ಕೂತಿದ್ದ ಕಲ್ಲಿನ ಕಡೆ ನೋಡಿದೆ. ಕಲ್ಲು ಖಾಲಿ. ಅವ್ವ ಬದುವಿನ ಮೇಲೆ, ಬಸ್ಸಿನ ರಸ್ತೆಯ ಕಡೆಗೆ, ಆಗಲೇ ಅರ್ಧ ದಾರಿ ಹೋಗಿದ್ದಳು. ನಾನು ಮೇಲೆ ಬಂದದ್ದನ್ನು ನೋಡಿದಳೋ ಇಲ್ಲವೋ.

"ಅವ್ವಾ!" ಎಂದು ಕೂಗಿದೆ.

ತಿರುಗಲಿಲ್ಲ, ನಿಲ್ಲಲೂ ಇಲ್ಲ. ನಡೆಯುತ್ತಲೇ ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಐದು ಬೆರಳನ್ನೂ ಪೂರ್ತಿ ಬಿಡಿಸಿ, ಗಾಳಿಯಲ್ಲಿ ಒಂದು ಸಲ ಬೀಸಿದಳು. ಅದು ನನಗೆ ಮಾಡಿದ್ದೋ, ಸಾಕು ಇಳಿ ಎಂದದ್ದೋ, ಇನ್ನೇನೋ ಎಂದು ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಏನು ಹೇಳುತ್ತಾಳೆಂದು ಗೊತ್ತು. ನೊಣ ಓಡಿಸ್ದೆ ಕಣಮ್ಮಿ ಅನ್ನುತ್ತಾಳೆ.